ಹೂ ಮಾತ್ರ

ಬೀಗ ಹಾಕಿ ನಾಲ್ಕು ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಹೋಗಿ ಜಗ್ಗಿ ನೋಡಿದಳು. ಬಿದ್ದಿತ್ತು. ಗ್ಯಾಸ್ ಆರಿಸಿದ್ದೂ ನೆನಪಿತ್ತು, ಆದರೆ ಆ ನೆನಪು ಇವತ್ತಿನದೋ ನಿನ್ನೆಯದೋ ಎಂದು ಅನುಮಾನ ಬಂತು. ಬೀಗ ತೆಗೆದು ಒಳಗೆ ಹೋಗಿ, ಮುಟ್ಟಿ ನೋಡಿ ಬಂದಳು. ಕೆಳಗೆ ಸ್ಕೂಟರಿನ ಸೀಟು ಒರೆಸುತ್ತ ನಿಂತಿದ್ದ ಗಂಡ ತಲೆ ಎತ್ತದೆಯೇ, "ಆ ಬೀಗಕ್ಕೆ ಬಾಯಿ ಇದ್ದಿದ್ರೆ ಸಾಕು ಬಿಡಮ್ಮಾ ಅಂತ ಕೈ ಮುಗೀತಿತ್ತು" ಎಂದ. ಅವಳು ನಕ್ಕಳು. ಇಷ್ಟು ವರ್ಷ ಸಂಸಾರ ಮಾಡಿದ ಈ ಮನುಷ್ಯನಿಗೆ ತನ್ನ ಹೆಂಡತಿ ಹುಟ್ಟಿನಿಂದಲೇ ಅನುಮಾನದವಳು ಎಂದು ನಂಬಿಕೆ. ಹಾಗೇನೂ ಇರಲಿಲ್ಲ. ಇಪ್ಪತ್ತಮೂರು ವರ್ಷದವರೆಗೆ ಅವಳು ಬೀಗ ಹಾಕಿದರೆ ಹಾಕಿದ್ದೇ, ತಿರುಗಿ ನೋಡುತ್ತಿರಲಿಲ್ಲ. ತನ್ನ ಕೈ ಮಾಡಿದ್ದನ್ನು ತನ್ನ ಕಣ್ಣು ನಂಬದ ಈ ರೋಗ ಶುರುವಾದ ಗಳಿಗೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ, ಹೋಗಿದ್ದ ಕರೆಂಟು ಬಂದ ಹೊತ್ತು. ಸ್ಕೂಟರಿನ ಹಿಂದೆ ಕೂತು, ಅಚ್ಚಿನ ಕರಡು ಇದ್ದ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಇವತ್ತು ನಾಲ್ಕು ಗಂಟೆಯೊಳಗೆ ಕರಡು ತಿದ್ದಿ ವಾಪಸು ಕಳಿಸಬೇಕು. ಇನ್ನೂರ ಎಂಬತ್ತು ಪುಟದಲ್ಲಿ ತಿದ್ದಲು ಉಳಿದಿದ್ದು ಒಂದೇ ಒಂದು ಸಾಲು.

ಹನ್ನೊಂದು ವರ್ಷ ಅವಳು ಮಾಡಿದ್ದು ನೇರಳೆಯ ಬಳಗದ ಲೆಕ್ಕ. ಎರಡು ಸಾಗರಗಳ ಅಂಚಿಗೂ, ನಡುವಿನ ದ್ವೀಪಗಳಿಗೂ, ಬಿಸಿಲು ಮಳೆ ಎರಡೂ ಸಿಗುವ ಕಡೆಗೆಲ್ಲ ಹರಡಿಕೊಂಡ ಮರಗಳು. ಇನ್ನೂರು ವರ್ಷಗಳಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಊರಿನಲ್ಲಿ ಕೂತು, ಒಂದೇ ಮರಕ್ಕೆ ನಾಲ್ಕು ಹೆಸರು, ನಾಲ್ಕು ಮರಕ್ಕೆ ಒಂದೇ ಹೆಸರು ಇಟ್ಟುಬಿಟ್ಟಿದ್ದರು. ಊರೂರಿನ ಸಂಗ್ರಹಾಲಯಗಳಿಂದ ಒಣಗಿಸಿದ ರೆಂಬೆಗಳ ಹಾಳೆ ತರಿಸಿ, ಎಲೆಯ ನರ ಎಣಿಸಿ, ಮೊಗ್ಗು ನೆನೆಹಾಕಿ ಸೀಳಿ, ಯಾವ ಹೆಸರು ನಿಲ್ಲಬೇಕು, ಯಾವುದು ಇನ್ನೊಂದರ ಹೊಟ್ಟೆಯೊಳಗೆ ಹೋಗಬೇಕು ಎಂದು ತೀರ್ಮಾನಿಸುವುದು ಅವಳ ಕೆಲಸ. ಇದಕ್ಕೆ ಪರಿಷ್ಕರಣೆ ಎನ್ನುತ್ತಾರೆ. ಇನ್ನೂರ ತೊಂಬತ್ತು ಹೆಸರುಗಳಲ್ಲಿ ನೂರ ಹದಿನೇಳು ಉಳಿದವು. "ಮೇಡಂ ಕೈಯಲ್ಲಿ ಹೆಸರು ಉಳೀತು ಅಂದ್ರೆ ಮರಕ್ಕೆ ಆಯಸ್ಸು ಗಟ್ಟಿ" ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದರು. ಅವಳಷ್ಟು ಎಚ್ಚರದವರಿಲ್ಲ ಎಂದು ಹೊರದೇಶದವರೂ ಕಾಗದ ಬರೆಯುತ್ತಿದ್ದರು. ಹೊಗಳಿಕೆ ಬಂದಾಗಲೆಲ್ಲ ಅವಳಿಗೆ ಅಂಗಾಲು ತಣ್ಣಗಾಗುತ್ತಿತ್ತು. ಇಷ್ಟು ದೊಡ್ಡ ಬಳಗವನ್ನು ಅವಳು ಕೈಗೆತ್ತಿಕೊಂಡಿದ್ದು ಒಂದು ಹಾಳೆಗಾಗಿ, ಅದು ಬೇರೆ ಯಾರ ಕೈಗೂ ಸಿಗದಿರಲಿ ಎಂದು. ಇದು ಯಾರಿಗೂ ಗೊತ್ತಿರಲಿಲ್ಲ.

ಆ ಹಾಳೆ ಮೂವತ್ತೊಂದನೆಯ ಕಪಾಟಿನಲ್ಲಿ, ಕೆಂಪು ಅಂಚಿನ ಕವಚದೊಳಗಿತ್ತು. ಹೊಸ ಪ್ರಭೇದಕ್ಕೆ ಹೆಸರಿಟ್ಟಾಗ, ಇಗೋ ಇದೇ ಅದು ಎಂದು ಬೆರಳಿಟ್ಟು ತೋರಿಸುವ ಒಂದೇ ಹಾಳೆಗೆ ಮಾತ್ರ ಆ ಕೆಂಪು ಅಂಚು. ನಂಬರು ನಾನೂರ ಹನ್ನೆರಡು. ಒಂದು ರೆಂಬೆ, ಬಿಳಿಯಿಂದ ಕಂದಾದ ಹೂಗೊಂಚಲು, ಮೂಲೆಯಲ್ಲಿ ಅಂಟಿಸಿದ ಕಾಗದದ ಪೊಟ್ಟಣ, ಪೊಟ್ಟಣದೊಳಗೆ ಉಬ್ಬುಗೆರೆಗಳಿರುವ ನಾಲ್ಕು ಒಣಹಣ್ಣು. ಪ್ರಯೋಗಾಲಯದ ಹುಡುಗಿ ಹೋದ ವರ್ಷ ಯಾರೂ ಹೇಳದೆಯೇ ಒಂದು ಹಣ್ಣಿನ ಅರ್ಧವನ್ನೂ ಎಲೆಯ ಚೂರನ್ನೂ ಪರೀಕ್ಷೆಗೆ ಹಾಕಿ ಓಡಿಬಂದಿದ್ದಳು. "ನೋಡಿ ಮೇಡಂ, ಎಲೆ ಒಂದು ಹೇಳುತ್ತೆ, ಹಣ್ಣು ಇನ್ನೊಂದು ಹೇಳುತ್ತೆ. ಥೇಟ್ ಗಂಡ ಹೆಂಡತಿ ಥರ." ಎಲೆ ಮತ್ತು ಹೂ ಎಲ್ಲೆಲ್ಲೂ ಸಿಗುವ ಒಂದು ಹಳೆಯ ಪ್ರಭೇದದ್ದು, ಹಣ್ಣು, ರೆಂಬೆ ಕತ್ತರಿಸಿ ತಂದ ಗುಡ್ಡದಲ್ಲೇ ಬೆಳೆಯುವ ಇನ್ನೊಂದರದು. ಎರಡು ಮರ ಸೇರಿಸಿ ಹೊಲಿದ, ಇಲ್ಲದ ಮರ. ಈಗ ತಿದ್ದಲು ಉಳಿದ ಆ ಸಾಲನ್ನು ಬರೆದವಳೂ ಹುಡುಗಿಯೇ: "ಸಂಗ್ರಾಹಕನು ಎರಡು ಮರಗಳ ವಸ್ತುವನ್ನು ಬೆರೆಸಿದ್ದಾನೆ." ಅವಳು ಓದಿ, ಪೆನ್ಸಿಲ್ ಹಿಡಿದು, ಒಂದು ಅಲ್ಪವಿರಾಮ ತಿದ್ದಿ ಕೊಟ್ಟಿದ್ದಳು. ಅಲ್ಪವಿರಾಮ ತಿದ್ದಿದ ತನ್ನ ಆ ಕೈಯನ್ನು ಈಗ ಸ್ಕೂಟರಿನ ಮೇಲೆ ನೋಡಿಕೊಂಡಳು. ಉಗುರು ನೀಟಾಗಿ ಕತ್ತರಿಸಿತ್ತು.

ಸಂಗ್ರಾಹಕ ಎಂದರೆ ಏಣಿಯಣ್ಣ. ಏಣಿ ಮುಟ್ಟದೆ ಎಷ್ಟೆತ್ತರದ ಮರವನ್ನೂ ಹತ್ತುತ್ತಿದ್ದ ಮನುಷ್ಯನಿಗೆ ಕಚೇರಿಯವರು ಕೀಟಲೆಗೆ ಇಟ್ಟ ಹೆಸರು. ಅವನು ಮರದ ತುದಿಗೆ ಹೋಗಿ ರೆಂಬೆ ಕತ್ತರಿಸಿ ಹಾಕುತ್ತಿದ್ದ, ಕೆಳಗೆ ಆಗಿನ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎನ್ನುತ್ತಿದ್ದವರು, ಅವನು ಕೂಗಿ ಹೇಳಿದ್ದನ್ನು ಕಾಡಿನ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ರೆಂಬೆಗಳು ಹಳೆಯ ಪೇಪರಿನಲ್ಲಿ ಒಣಗಿ ಕಚೇರಿಗೆ ಬಂದ ಮೇಲೆ ಹಾಳೆಗೆ ಅಂಟಿಸುವುದು, ಉದುರಿದ್ದನ್ನು ಪೊಟ್ಟಣ ಕಟ್ಟುವುದು ಅವಳ ಕೆಲಸ. ಸೇರಿ ಆರು ವಾರವಾಗಿತ್ತು, ಹಂಗಾಮಿ. ಏಣಿಯಣ್ಣ ಮೊದಲ ದಿನವೇ ಅವಳಿಗೆ ಅಂಟಮ್ಮ ಎಂದು ಹೆಸರಿಟ್ಟ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಹಾಳೆ ಬಿಚ್ಚಬೇಕು ಎಂದು ಗೋಡೆಯ ಮೇಲೆ ಬರೆದಿತ್ತು. ಅವತ್ತು ಸಂಜೆಯೊಳಗೆ ಇಪ್ಪತ್ತು ಹಾಳೆ ಮುಗಿಸಿದರೆ ಕೆಲಸ ಕಾಯಂ ಆಗುತ್ತದೆಂದು ಯಾರೋ ಅಂದಿದ್ದರು, ಅವಳು ಎರಡು ಬಿಚ್ಚಿದಳು. ಕರೆಂಟು ಇರಲಿಲ್ಲ, ಫ್ಯಾನಿನ ಗುಂಡಿ ಆರಿಸಿರಲಿಲ್ಲ. ಮೂರಕ್ಕೆ ಹತ್ತು ನಿಮಿಷ ಇದ್ದಾಗ ತಲೆಯ ಮೇಲೆ ಗರ್ ಎಂದಿತು. ಪೇಪರು ಹಾರಿತು, ಹಣ್ಣುಗಳು ಮೇಜಿನಿಂದ ನೆಲಕ್ಕೆ, ನೆಲದಿಂದ ಕಪಾಟಿನ ಕೆಳಕ್ಕೆ ಉರುಳಿದವು. ಮಂಡಿಯೂರಿ, ಸೆರಗಿನಲ್ಲಿ ಧೂಳು ಗುಡಿಸುತ್ತ, ಏಳು ಹುಡುಕಿ ತೆಗೆದಳು. ಮೇಜಿನ ಮೇಲೆ ಎರಡು ಖಾಲಿ ಪೊಟ್ಟಣ ಬಾಯಿ ತೆರೆದುಕೊಂಡಿದ್ದವು. ಯಾವ ಪೇಪರಿನಲ್ಲಿ ಹಣ್ಣಿತ್ತು, ಒಂದರಲ್ಲೋ, ಎರಡರಲ್ಲೋ? ಎದ್ದು ಹೋಗಿ ಕೇಳಬಹುದಿತ್ತು. ಪುಸ್ತಕ ಪಕ್ಕದ ಕೋಣೆಯಲ್ಲೇ ಇತ್ತು. ಬಾಗಿಲಲ್ಲಿ ಯಾರದೋ ಚಪ್ಪಲಿ ಸದ್ದು. ನಾಲ್ಕು ಇದರಲ್ಲಿ, ಮೂರು ಅದರಲ್ಲಿ ಹಾಕಿ ಮಡಚಿದಳು. ಬಂದವರು ಅವಳ ಹಾಳೆ ನೋಡಿ, "ಪರವಾಗಿಲ್ವೇ, ಒಳ್ಳೇ ಕೈ ನಿಂದು" ಎಂದರು.

ಕಚೇರಿಯಲ್ಲಿ ನುಸಿಗುಳಿಗೆಯ ವಾಸನೆ ಎಂದಿನಂತೆ ಮೂಗಿಗೆ ಬಡಿಯಿತು. ಅವಳು ಕೋಣೆಗೆ ಬಂದು ಮೊದಲು ಫ್ಯಾನು ಆರಿಸಿದಳು. ಎಂಥ ಸೆಕೆಯಲ್ಲೂ ಅವಳು ಫ್ಯಾನು ಹಾಕುವುದಿಲ್ಲ, ಬೆವರುತ್ತ ಕೂರುವ ಅವಳನ್ನು ನೋಡಿ ಹುಡುಗಿ, "ಮೇಡಂಗೆ ಮರಗಳ ಜೊತೆ ಇದ್ದೂ ಇದ್ದೂ ಬೇರು ಬಂದಿದೆ, ಗಾಳಿ ಬೇಡ, ನೀರು ಸಾಕು" ಎನ್ನುತ್ತಾಳೆ. ಕರಡು ಬಿಚ್ಚಿ ಆ ಪುಟಕ್ಕೆ ಬಂದಳು. ಎಲ್ಲರೂ ಹೀಗೇ ಬರೆಯುತ್ತಾರೆ, ಸಂಗ್ರಾಹಕ ಬೆರೆಸಿದ, ಮುಗಿಯಿತು. ಸತ್ಯ ಬರೆದರೆ ಏನಾಗುತ್ತದೆ? ಹೆಸರಂತೂ ಹೇಗೂ ಹೋಗುತ್ತದೆ. ಎರಡು ಮರ ಸೇರಿಸಿದ್ದು ಯಾರೇ ಆಗಲಿ, ಆ ಪ್ರಭೇದ ಇಲ್ಲ. ಉಳಿಯುವುದು ತಪ್ಪು ಯಾರ ತಲೆಗೆ ಎಂಬುದಷ್ಟೇ. ಅಷ್ಟೇ ತಾನೇ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು, ಅಷ್ಟೇ ತಾನೇ ಎಂದು ಅವಳನ್ನೇ ಅಣಕಿಸಿತು.

ಏಕೆಂದರೆ ಆ ಹೆಸರೂ ಅವನದೇ. ದೊಡ್ಡವರು ಪೊಟ್ಟಣ ಬಿಚ್ಚಿ ಉಬ್ಬುಗೆರೆಯ ಹಣ್ಣು ನೋಡಿದ ದಿನ ಮಗುವಿನ ಹಾಗೆ ಕುಣಿದಿದ್ದರು. ಇಂಥ ಎಲೆಗೆ ಇಂಥ ಹಣ್ಣು ಲೋಕದಲ್ಲೇ ಇಲ್ಲ! ಪುಸ್ತಕ ತೆಗೆದರೆ ಅದರಲ್ಲಿ ಅವರದೇ ಪೆನ್ಸಿಲಿನಲ್ಲಿ "ಹೂ ಮಾತ್ರ" ಎಂದಿತ್ತು. ಏಣಿಯಣ್ಣನನ್ನು ಕರೆಸಿದರು. ಅವನು ತಲೆ ಕೆರೆದುಕೊಂಡು, "ಆ ಮರದಲ್ಲಿ ಕಾಯಿ ನೋಡಿದ ನೆನಪಿಲ್ಲ ಬುದ್ಧಿ, ಹೂ ಮಾತ್ರ ಅಂತ ಕೂಗಿದ್ದೆ" ಎಂದ. ದೊಡ್ಡವರು ಅವನ ಬೆನ್ನು ತಟ್ಟಿ, "ನಿನ್ನ ಕಣ್ಣು ನೋಡದೇ ಇದ್ರೆ ಏನಂತೆ, ಕೈ ತಂದಿದೆಯಲ್ಲ" ಎಂದು, ಶಾಯಿಯಲ್ಲಿ "ಮಾತ್ರ" ಹೊಡೆದುಹಾಕಿ "ಮತ್ತು ಹಣ್ಣು" ಎಂದು ಬರೆದರು. ಅವಳು ಅಲ್ಲೇ ಅಂಟಿನ ಕುಂಚ ಹಿಡಿದು ನಿಂತಿದ್ದಳು. ಕುಂಚದ ತುದಿ ಒಣಗುತ್ತಿತ್ತು. ಏಣಿಯಣ್ಣ ಅವಳ ಕಡೆ ತಿರುಗಿ, ನೀನಾದರೂ ಹೇಳು ಎನ್ನುವ ಹಾಗಲ್ಲ, ನೋಡು ಇವರ ಹುಚ್ಚು ಎನ್ನುವ ಹಾಗೆ ಕಣ್ಣು ಮಿಟುಕಿಸಿದ. ಮೂರು ತಿಂಗಳಿಗೆ ಅವನ ಹೆಸರಿಗೆ ಲ್ಯಾಟಿನ್ ಬಾಲ ಹಚ್ಚಿ ಹೊಸ ಪ್ರಭೇದ ಅಚ್ಚಾಯಿತು. ಕಚೇರಿಯಲ್ಲಿ ಎಲ್ಲರಿಗೂ ಸಿಹಿ. ಅವಳೂ ತಿಂದಳು. ಅವಳ ಕೆಲಸ ಕಾಯಂ ಆಗಿತ್ತು.

ಆಮೇಲೆ ನಾಲ್ಕು ವರ್ಷ, ಹಣ್ಣಿನ ಕಾಲ ಬಂದಾಗಲೆಲ್ಲ, ಏಣಿಯಣ್ಣನನ್ನು ಆ ಗುಡ್ಡಕ್ಕೆ ಕರೆದುಕೊಂಡು ಹೋದರು. ಅದೇ ಮರ ತೋರಿಸಿದ, ಅದರಲ್ಲಿ ನುಣ್ಣನೆಯ ಹಣ್ಣು. ಬೇರೆ ಮರ ತೋರಿಸುತ್ತಿದ್ದೀಯ ಎಂದರು. ಸುತ್ತಲಿನ ಮರಗಳನ್ನೆಲ್ಲ ಒಂದೊಂದಾಗಿ ಹತ್ತಿದ, ಇಲ್ಲದ ಹಣ್ಣು ಹುಡುಕುತ್ತ. ಜೀಪಿನಲ್ಲಿ ವಾಪಸು ಬರುವಾಗ ಉಳಿದವರು ಗುಸುಗುಸು ಅನ್ನುತ್ತಿದ್ದರಂತೆ. ನಾಲ್ಕನೆಯ ವರ್ಷ ಒಂದು ಕೊಂಬೆ ಮುರಿದು ಬಿದ್ದು, ಸೊಂಟದ ಮೂಳೆ ಹೋಗಿ ಎಡಗಾಲು ಕುಂಟಾಯಿತು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತು ಹೇಳಿಬಿಡಬೇಕೆಂದು ಹೋದವಳು ಬಾಯಿ ತೆಗೆದರೆ ಅಳು ಬಂತು. "ನೀನ್ಯಾಕೆ ಅಳ್ತೀಯ ಅಂಟಮ್ಮಾ, ಬಿದ್ದವನು ನಾನು" ಎಂದು ಅವನೇ ಸಮಾಧಾನ ಮಾಡಿದ. ಅದಾದ ಮೇಲೆ ಹದಿನೈದು ವರ್ಷ ಅವನು ಕೆಳಗಿನ ಕೋಣೆಯಲ್ಲಿ ಕೂತು ರೆಂಬೆ ಒತ್ತಲು ಪೇಪರು ಕತ್ತರಿಸಿದ. ದಿನಾ ಅವನ ಬಾಗಿಲ ಮುಂದೆ ಹಾದು ಹೋಗುತ್ತಿದ್ದಳು. ದಿನಾ ಅವನು, "ಏನಮ್ಮಾ ಅಂಟಮ್ಮಾ, ಇವತ್ತು ಯಾವ ಮರಕ್ಕೆ ನಾಮಕರಣ?" ಎನ್ನುತ್ತಿದ್ದ. ಇವತ್ತು ಬೇಡ, ನಾಳೆ ಹೇಳುತ್ತೇನೆ ಎಂದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಆ ಹದಿನೈದು ವರ್ಷದ ಮೆಟ್ಟಿಲು ಒಂದರ ಮೇಲೊಂದು ಇಟ್ಟಿದ್ದರೆ ಯಾವ ಮರದ ತುದಿಗೂ ಮುಟ್ಟುತ್ತಿತ್ತು.

"ಮೇಡಂ, ಯಾರು ಬಂದಿದಾರೆ ನೋಡಿ!" ಬಾಗಿಲಲ್ಲಿ ಹುಡುಗಿ. ಅವಳ ಹಿಂದೆ ಕೋಲೂರಿಕೊಂಡು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಏಣಿಯಣ್ಣ. ಗಡಿಯಾರದಲ್ಲಿ ಎರಡೂ ಕಾಲು. "ನಾನೇ ಹೇಳ್ದೆ ಇವರಿಗೆ, ನಿಮ್ಮ ಮರ ಹೊಸ ಪುಸ್ತಕದಲ್ಲಿ ಬರ್ತಿದೆ ಅಂತ. ಬಸ್ ಸ್ಟಾಪಲ್ಲಿ ಸಿಕ್ಕಿದ್ರು ಮೊನ್ನೆ" ಎಂದ ಹುಡುಗಿ, ಆಡಿದ ಮೇಲೆ ಏನು ಆಡಿದೆ ಎಂದು ಹೊಳೆದು ನಾಲಗೆ ಕಚ್ಚಿಕೊಂಡು, ಏನೋ ಕೆಲಸ ನೆನಪಾದವಳಂತೆ ಹೊರಟುಹೋದಳು.

"ಎಲ್ಲಿ, ತೋರ್ಸು" ಎಂದ ಏಣಿಯಣ್ಣ, ಕುರ್ಚಿಯಲ್ಲಿ ಸೊಂಟ ಸರಿ ಮಾಡಿಕೊಂಡು ಕನ್ನಡಕ ಹಾಕಿಕೊಳ್ಳುತ್ತ. "ನನಗೆ ಆ ಭಾಷೆ ಓದಕ್ಕೆ ಬರಲ್ಲ. ಆದ್ರೆ ನನ್ನ ಹೆಸರಿನ ಆಕಾರ ಗೊತ್ತು."

ಕರಡು ಮೇಜಿನ ಮೇಲೆ ಬಿಚ್ಚಿಯೇ ಇತ್ತು. ಮುಚ್ಚಬಹುದಿತ್ತು. ಅವಳು ಪುಟವನ್ನು ಅವನ ಕಡೆ ತಿರುಗಿಸಿದಳು. ಅವನ ಬೆರಳು ದಪ್ಪ ಅಕ್ಷರಗಳ ಮೇಲೆ ನಿಧಾನವಾಗಿ ಇಳಿದು, ಕೆಳಗೆ ಸಣ್ಣ ಅಕ್ಷರದಲ್ಲಿ, ಒಳಗೆ ಸರಿಸಿ ಅಚ್ಚು ಮಾಡಿದ ಸಾಲಿನ ಮೇಲೆ ನಿಂತಿತು.

"ಇದೇ ಅಲ್ವಾ? ಯಾಕೆ ಇಷ್ಟು ಒಳಗೆ ಹೋಗಿದೆ?"

"ಅದು... ಆ ಪ್ರಭೇದ ಇಲ್ಲ ಅಂತ ಆಯ್ತಣ್ಣಾ. ಹೂ ಮೇಲಿನ ಹೆಸರಿನ ಮರದ್ದು. ಹಣ್ಣು ಬೇರೇದು."

ಅವನು ಬೆರಳನ್ನು ಆ ಸಾಲಿನಿಂದ ತೆಗೆಯಲಿಲ್ಲ. ಕಾರಿಡಾರಿನಲ್ಲಿ ಯಾರೋ ಕಪಾಟು ಎಳೆದ ಸದ್ದು. "ಹಾಗಾದ್ರೆ ನಾನೇ ಬೆರೆಸಿದ್ದು ಅಂತ ಆಯ್ತು" ಎಂದ. ಸ್ವರದಲ್ಲಿ ದೂರು ಇರಲಿಲ್ಲ. "ನನಗೂ ಹಾಗೇ ಅನ್ಸಿತ್ತು ಬಿಡು. ಎಷ್ಟು ಸಲ ಯೋಚನೆ ಮಾಡಿದೀನಿ. ಕಾಯಿ ಇಲ್ಲದ ಮರದಿಂದ ಕಾಯಿ ತಂದವನು ಯಾರು? ಅವತ್ತು ನಾನು ಕುಡಿದಿದ್ನಾ ಅಂತ ನನ್ನ ಮಗಳನ್ನೇ ಕೇಳಿದೀನಿ. ಅಪ್ಪಾ, ನೀನು ಕುಡಿಯೋದೇ ಇಲ್ವಲ್ಲ ಅಂದ್ಲು." ನಕ್ಕ. "ಆವತ್ತಿಂದ ನನ್ನ ಕಣ್ಣು ನಾನೇ ನಂಬಲ್ಲ ಅಂಟಮ್ಮಾ. ರಸ್ತೆ ದಾಟಬೇಕಾದ್ರೂ ಪಕ್ಕದವರನ್ನ ಕೇಳ್ತೀನಿ, ಗಾಡಿ ಬರ್ತಿದೆಯಾ ಅಂತ."

ಬೀಗ ಜಗ್ಗುವ ತನ್ನ ಕೈ ಅವಳಿಗೆ ನೆನಪಾಯಿತು. ಒಂದೇ ರೋಗ ಇಬ್ಬರಿಗೂ, ಒಂದೇ ದಿನ ಹತ್ತಿದ್ದು. ಆದರೆ ಅವಳದಕ್ಕೆ ಕಾರಣವಿತ್ತು. ಅವನದನ್ನು ಅವಳೇ ಕೊಟ್ಟದ್ದು. ಅವನ ಸೊಂಟಕ್ಕೆ ಮಾತ್ರ ತಾನು ಕಾರಣ ಎಂದು ಇಷ್ಟು ವರ್ಷ ನರಳಿದವಳಿಗೆ, ಅವನ ಕಣ್ಣನ್ನೂ ತಾನೇ ಕಿತ್ತುಕೊಂಡೆನೆಂದು ಹೊಳೆದಿರಲೇ ಇಲ್ಲ.

"ನೀವು ಬೆರೆಸಿದ್ದಲ್ಲ ಅಣ್ಣಾ. ಫ್ಯಾನು ತಿರುಗಿ ಕಾಯೆಲ್ಲ ಕೆಳಗೆ ಬಿತ್ತು. ನಾನು ಎರಡು ಹಾಳೆ ಒಟ್ಟಿಗೆ ಬಿಚ್ಚಿದ್ದೆ. ಯಾವುದರದ್ದು ಅಂತ ಗೊತ್ತಾಗದೆ ನಾಲ್ಕು ಇದಕ್ಕೆ, ಮೂರು ಅದಕ್ಕೆ ಹಾಕ್ಬಿಟ್ಟೆ. ದೊಡ್ಡವರು ನಿಮ್ಮನ್ನ ಕೇಳಿದಾಗ ನಾನು ಅಲ್ಲೇ ನಿಂತಿದ್ದೆ."

"ಯಾವಾಗಿಂದ ಗೊತ್ತು ನಿಂಗೆ?"

"ಅವತ್ತಿಂದ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸಿದ್ದನ್ನೇ ಒರೆಸಿದ. ಬೈದರೆ ಸಾಕು ಎಂದು ಅವಳು ಕಾದಳು. ಬೈದರೆ ಅಳಬಹುದು, ಅತ್ತರೆ ಅವನೇ ಸಮಾಧಾನ ಮಾಡಬಹುದು ಎಂಬ ಲೆಕ್ಕ ತನ್ನೊಳಗೆ ನಡೆಯುತ್ತಿರುವುದನ್ನು ಕಂಡು ಅವಳಿಗೇ ಹೇಸಿಗೆಯಾಯಿತು. ಅವಳು ಅಳಲಿಲ್ಲ.

"ಅದನ್ನ ತೆಗಿ. ಎರಡನ್ನೂ" ಎಂದ.

ಅವಳು ಕಪಾಟಿನಿಂದ ನಾನೂರ ಹನ್ನೆರಡನ್ನೂ ನಾನೂರ ಹದಿನೈದನ್ನೂ ತಂದು, ಮೂವತ್ತೆರಡು ವರ್ಷದಲ್ಲಿ ಮೊದಲ ಸಲ, ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿದಳು. ಚಿಮುಟದಿಂದ ಪೊಟ್ಟಣಗಳ ಬಾಯಿ ತೆರೆದಳು. ಅವನು ಬಾಗಿ ಎಣಿಸಿದ. ಈ ಕಡೆ ಮೂರೂವರೆ, ಹುಡುಗಿ ಪರೀಕ್ಷೆಗೆ ಅರ್ಧ ತೆಗೆದಿದ್ದಳು. ಆ ಕಡೆ ಮೂರು. ಮೆಣಸಿನ ಕಾಳಿಗಿಂತ ತುಸು ದೊಡ್ಡವು, ಮಸಿ ಬಣ್ಣದವು.

"ಇವಕ್ಕಾ ನಾನು ನಾಲ್ಕು ವರ್ಷ ಹತ್ತಿದ್ದು" ಎಂದ. ಆಮೇಲೆ ಮೆಲ್ಲಗೆ, ಕಾಯಿಗಳನ್ನೇ ನೋಡುತ್ತ, "ಕಾಯಿಗೆ ಪೊಟ್ಟಣ ಇದೆ. ನನ್ನ ಕಾಲನ್ನ ಯಾವ ಪೊಟ್ಟಣಕ್ಕೆ ಹಾಕ್ತೀಯ ಅಂಟಮ್ಮಾ?"

ಅವಳು ಚಿಮುಟವನ್ನು ಮೇಜಿನ ಮೇಲೆ ಇಟ್ಟಳು. ಕಿಟಕಿಯ ಗಾಜಿಗೆ ಒಂದು ನೊಣ ಬಡಿದುಕೊಳ್ಳುತ್ತಿತ್ತು.

"ದೊಡ್ಡವರ ಪುಸ್ತಕ?"

ಅದು ಅವಳ ಸ್ವಂತ ಡ್ರಾಯರಿನಲ್ಲಿ, ಬೀಗದ ಒಳಗಿತ್ತು. ಹಾಳೆ ಪುಡಿಯಾಗುತ್ತದೆ ಎಂದು ನೆವ ಹೇಳಿ ಹುಡುಗಿಗೂ ಕೊಟ್ಟಿರಲಿಲ್ಲ. ತೆಗೆದು ಆ ಪುಟ ತೋರಿಸಿದಳು. ಶಾಯಿ ಹೊಡೆದ ಗೆರೆಯ ಕೆಳಗೆ ಪೆನ್ಸಿಲಿನ "ಮಾತ್ರ" ಇನ್ನೂ ಕಾಣುತ್ತಿತ್ತು. ಏಣಿಯಣ್ಣ ಅದನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿದ. "ನೋಡು, ನಾನು ಹೇಳಿದ್ದೆ" ಎಂದ. ಇನ್ನೊಂದು ಸಲ, ಬೇರೆ ಯಾರಿಗೋ ಎಂಬಂತೆ, "ಹೇಳಿದ್ದೆ ನಾನು. ಕಂಡಿದ್ದೆ." "ಬರಿ. ಇಲ್ಲೇ, ನನ್ನ ಎದುರಿಗೆ ಬರಿ."

ಪುಸ್ತಕದಲ್ಲಿ ಹೊಡೆದುಹಾಕುವಂತಿಲ್ಲ. ಅಂಚಿನಲ್ಲಿ ಬರೆಯಬಹುದು. ಅವಳು ತಾರೀಕು ಹಾಕಿ ಬರೆದಳು: "ಮರ ಹತ್ತಿದವರು ಹೇಳಿದ್ದು: ಹೂ ಮಾತ್ರ. ಅದು ಸರಿ." ಕೆಳಗೆ ಸಹಿ. ಆಮೇಲೆ ಕರಡಿನ ಪುಟ ಎಳೆದುಕೊಂಡು ಆ ಸಾಲು ಹೊಡೆದು, ಮೇಲೆ ಬರೆದಳು: "ಹಾಳೆಗೆ ಅಂಟಿಸುವಾಗ, ಈ ಪುಸ್ತಕದ ಲೇಖಕಿ, ಬೇರೆ ಮರದ ಹಣ್ಣುಗಳನ್ನು ಇದರ ಪೊಟ್ಟಣಕ್ಕೆ ಹಾಕಿದಳು. ಸಂಗ್ರಾಹಕರು ಹೂ ಮಾತ್ರ ತಂದಿದ್ದರು." ಓದಿ ಹೇಳು ಎಂದ. ಓದಿದಳು. ಇನ್ನೊಂದು ಸಲ ಎಂದ. ಓದಿದಳು.

ಮೂರೂ ಮುಕ್ಕಾಲಿಗೆ ಹುಡುಗಿ ಕರಡು ತೆಗೆದುಕೊಳ್ಳಲು ಬಂದವಳು ನಿಂತಲ್ಲೇ ಆ ಸಾಲು ಓದಿ, ಮೇಡಂ ಮುಖ ನೋಡಿ, ಕೋಲಿನ ಮೇಲೆ ಗಲ್ಲವಿಟ್ಟು ಕೂತ ಮುದುಕನನ್ನು ನೋಡಿ, "ಮೇಡಂ, ಇದು... ಇನ್ನೊಂದು ಸಲ ಯೋಚನೆ ಮಾಡ್ತೀರಾ?" ಎಂದಳು. "ಮೂವತ್ತೆರಡು ವರ್ಷ ಮಾಡಿದೀನಿ" ಎಂದು ಅವಳು ಲಕೋಟೆಗೆ ತಾನೇ ಅಂಟು ಹಚ್ಚಿದಳು.

ಏಣಿಯಣ್ಣ ಎದ್ದ. "ನನ್ನ ಮಗಳು ಈಗ ಮನೇಲಿದಾಳೆ. ನೀನು ಬಂದು ಅವಳಿಗೆ ಹೇಳು. ನಾನು ಹೇಳಿದ್ರೆ, ಅಪ್ಪ ಮುದುಕ, ಸಮಾಧಾನಕ್ಕೆ ಹೇಳ್ತಿದಾನೆ ಅಂದ್ಕೋತಾಳೆ." ಇದು ಪ್ರೀತಿಯಿಂದ ಮನೆಗೆ ಕರೆದದ್ದಲ್ಲ, ತಪ್ಪಿಸಿಕೊಳ್ಳಲು ಜಾಗವೂ ಇರಲಿಲ್ಲ. ಅವಳು ಕೋಣೆಗೆ ಬೀಗ ಹಾಕಿ ಅವನ ಹಿಂದೆ ಹೊರಟಳು. ಗೇಟಿನವರೆಗೆ ಬಂದ ಮೇಲೆ, ಬೀಗ ಜಗ್ಗಿ ನೋಡಲಿಲ್ಲ ಎಂಬುದು ನೆನಪಾಗಿ ಕಾಲು ತಡೆಯಿತು. ಅವನು ನಿಲ್ಲದೆ ಹೋಗುತ್ತಿದ್ದ, ಎಡಗಾಲು ಅರ್ಧ ವೃತ್ತ ಬರೆದು ಬರೆದು ಮುಂದಿಡುತ್ತ. ಅವಳು ತಿರುಗಲಿಲ್ಲ. ರಸ್ತೆಯ ಅಂಚಿಗೆ ಬಂದು ಅವನು ನಿಂತ. ಗಾಡಿ ಬರುತ್ತಿದೆಯಾ ಎಂದು ಕೇಳುತ್ತಾನೆಂದು ಅವಳು ಉತ್ತರ ಸಿದ್ಧ ಮಾಡಿಕೊಂಡಳು. ಅವನು ಕೇಳಲಿಲ್ಲ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ದಾಟಿದ.

ಬಸ್ಸು ಬಂತು. ಮೆಟ್ಟಿಲು ಹತ್ತುವಾಗ ಅವಳು ಚಾಚಿದ ಕೈಯನ್ನು ಅವನು ಕಾಣದವನಂತೆ ಕಂಬಿ ಹಿಡಿದು, ಕೋಲನ್ನು ಹಲ್ಲಿನಲ್ಲಿ ಕಚ್ಚಿ, ಒಂದೇ ಎಳೆತಕ್ಕೆ ಮೇಲೆ ಹೋದ. ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಕಡೆ ಕೂತು ಪಕ್ಕದಲ್ಲಿ ಚೀಲ ಇಟ್ಟುಕೊಂಡ. ಅವಳು ಹತ್ತಿರ ಕಂಬಿ ಹಿಡಿದು ನಿಂತಳು. ಬಸ್ಸು ಹೊರಟಿತು. ಒಂದು ಸ್ಟಾಪು ದಾಟಿತು. ಎರಡನೆಯ ಸ್ಟಾಪಿನಲ್ಲಿ ಅವನು, ಹೊರಗೇ ನೋಡುತ್ತ, ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಸೀಟು ಖಾಲಿಯಾಯಿತು. ಅದು ತನಗೋ, ಇಳಿಯುವುದು ಹತ್ತಿರ ಬಂತೆಂದೋ ಅವಳಿಗೆ ತಿಳಿಯಲಿಲ್ಲ. ಕೇಳಬಹುದಿತ್ತು. ಅವಳು ನಿಂತೇ ಇದ್ದಳು, ಖಾಲಿ ಸೀಟಿನ ಮೇಲೆ ಕಣ್ಣಿಟ್ಟು.